ಪ್ರೋಗ್ರಾಮರ್ ಒಬ್ಬ ಸಂಸತ್ತಿಗೆ ಹೋದರೆ ನಮ್ಮ ಖಾಸಗಿತನಕ್ಕೆ ಏನು ಲಾಭ? ಸ್ವೀಡನ್ನಿನ ಎಂಗ್‌ಸ್ಟ್ರೋಮ್ ಬಗ್ಗೆ ಚರ್ಚೆ

ಕಡತಪ್ರೇಮಿ

ಟೆಕ್ಕಿಗಳು ರಾಜಕೀಯಕ್ಕೆ ಬರಬೇಕು ಅಂತ ನಮ್ಮಲ್ಲಿ ಯಾರಾದರೂ ಹೇಳಿದರೆ ಮಾತು ಬೇಗ ಟ್ರಾಫಿಕ್ಕು, ರಸ್ತೆಗುಂಡಿ, ಕಸದ ಕಡೆ ಹೊರಳುತ್ತೆ. ಪ್ರೋಗ್ರಾಮಿಂಗ್ ಗೊತ್ತಿರೋರು ಶಾಸನಸಭೆಯಲ್ಲಿ ಕೂತರೆ ಅಲ್ಲಿಗೆ ಏನು ಹೊಸದು ಬರುತ್ತೆ ಅನ್ನೋದನ್ನ ಯಾರೂ ಕೇಳಲ್ಲ. ಸ್ವೀಡನ್ನಿನ ಕ್ರಿಶ್ಚಿಯನ್ ಎಂಗ್‌ಸ್ಟ್ರೋಮ್ ಕಥೆ ಅದಕ್ಕೆ ಉತ್ತರ ಅಂತ ನನಗನಿಸಿದೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಎಂಗ್‌ಸ್ಟ್ರೋಮ್ 1960ರಲ್ಲಿ ಹುಟ್ಟಿದವರು, ಕಸುಬು ಪ್ರೋಗ್ರಾಮಿಂಗ್. ಅವರನ್ನ ಸಾರ್ವಜನಿಕ ಬದುಕಿಗೆ ಎಳೆದದ್ದು ಸಾಫ್ಟ್‌ವೇರ್ ಪೇಟೆಂಟ್ ವಿರೋಧಿ ಹೋರಾಟ. ಸಾಫ್ಟ್‌ವೇರ್‌ಗೂ ಪೇಟೆಂಟ್ ಕೊಡೋಕೆ ದಾರಿ ಮಾಡ್ತಿದ್ದ ಮಸೂದೆಯನ್ನ ಯುರೋಪಿಯನ್ ಸಂಸತ್ತು 2005ರ ಜುಲೈ 6ರಂದು 648–14 ಮತಗಳಿಂದ ತಳ್ಳಿಹಾಕಿತು. ದೊಡ್ಡ ಕಂಪನಿಗಳ ಲಾಬಿ ಎದುರು ಕೋಡ್ ಬರೆಯೋ ಮಂದಿ ಗೆಲ್ಲಬಹುದು ಅಂತ ಆವತ್ತು ಗೊತ್ತಾಯಿತು. ಮರುವರ್ಷ ಜನವರಿ 1ಕ್ಕೆ ರಿಕ್ ಫಾಲ್ಕ್‌ವಿಂಗೆ ಅನ್ನೋ ಇನ್ನೊಬ್ಬ ಐಟಿ ಉದ್ಯಮಿ, ಕೃತಿಸ್ವಾಮ್ಯ ಸಡಿಲಾಗಬೇಕು, ಖಾಸಗಿತನ ಉಳಿಯಬೇಕು ಅನ್ನೋ ಪೈರೇಟ್ ಪಕ್ಷ ಶುರು ಮಾಡಿದರು. ಎಂಗ್‌ಸ್ಟ್ರೋಮ್ ಅದರ ಉಪಾಧ್ಯಕ್ಷರಾದರು.

2006ರ ರಾಷ್ಟ್ರೀಯ ಚುನಾವಣೆಯಲ್ಲಿ ಆ ಪಕ್ಷಕ್ಕೆ ಸಿಕ್ಕಿದ್ದು ಶೇ. 0.63 ಮತ. ಮೂರು ವರ್ಷದ ಮೇಲೆ ಯುರೋಪಿಯನ್ ಸಂಸತ್ತಿನ ಚುನಾವಣೆಯಲ್ಲಿ ಶೇ. 7.13. ಎರಡು ಲಕ್ಷ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನ ವೋಟು ಹಾಕಿ ಎಂಗ್‌ಸ್ಟ್ರೋಮ್ ಅವರನ್ನ ಕಳಿಸಿದರು. ನಡುವೆ ಏನಾಯಿತು ಅನ್ನೋದು ಸ್ವೀಡನ್ನಿನಲ್ಲೇ ಇರೋರು ಚೆನ್ನಾಗಿ ಹೇಳ್ತಾರೆ. ನಾನು ಹೇಳಬೇಕಿರೋದು ಅವರು ಒಳಗೆ ಹೋದಮೇಲೆ ಮಾಡಿದ ಮೊದಲ ಕೆಲಸ.

ಆಗ ಫ್ರಾನ್ಸ್‌ನಲ್ಲಿ ಒಂದು ಕಾನೂನು ಬರ್ತಿತ್ತು: ಕೃತಿಸ್ವಾಮ್ಯ ಮುರಿದ ದೂರು ಮೂರು ಸಲ ಬಂದರೆ ಮನೆಯ ಇಂಟರ್ನೆಟ್ ಸಂಪರ್ಕವೇ ಕಟ್. ಯುರೋಪಿನ ದೂರಸಂಪರ್ಕ ಕಾನೂನಿಗೆ ಸಂಸದರು 138ನೇ ತಿದ್ದುಪಡಿ ಅಂತ ಒಂದನ್ನ ಸೇರಿಸಿದ್ದರು. ನ್ಯಾಯಾಲಯ ಮೊದಲು ತೀರ್ಪು ಕೊಡದೆ ಯಾರ ಸಂಪರ್ಕವನ್ನೂ ಕತ್ತರಿಸಬಾರದು ಅಂತ ಅದರ ಸಾರ. ಸದಸ್ಯ ದೇಶಗಳ ಸರ್ಕಾರಗಳು ಒಪ್ಪಲಿಲ್ಲ. ಕೊನೆಗೆ ಸಂಧಾನ ಸಮಿತಿ ಕೂತಿತು, ಎಂಗ್‌ಸ್ಟ್ರೋಮ್ ಸಂಸತ್ತಿನ ನಿಯೋಗದಲ್ಲಿದ್ದರು. 2009ರ ನವೆಂಬರ್ 4ರ ರಾತ್ರಿ ಮುಗಿದ ಒಪ್ಪಂದದಲ್ಲಿ ನ್ಯಾಯಾಲಯದ ತೀರ್ಪು ಅನ್ನೋ ಜಾಗಕ್ಕೆ ‘ಮುಂಚಿತವಾದ, ನ್ಯಾಯಯುತ ಮತ್ತು ನಿಷ್ಪಕ್ಷಪಾತ ವಿಚಾರಣೆ’ ಬಂತು. ಆರೋಪಿ ನಿರಪರಾಧಿ ಅಂತಲೇ ಹಿಡಿದು ಹೊರಡಬೇಕು, ಖಾಸಗಿತನದ ಹಕ್ಕನ್ನ ಗೌರವಿಸಬೇಕು ಅನ್ನೋದೂ ಸೇರಿತು. ಕೇಳಿದ್ದು ಪೂರ್ತಿ ಸಿಗಲಿಲ್ಲ, ಆದರೆ ಇಂಟರ್ನೆಟ್ ಸಂಪರ್ಕ ಕತ್ತರಿಸೋದು ಒಂದು ಶಿಕ್ಷೆ, ಶಿಕ್ಷೆಗೆ ಮುಂಚೆ ವಿಚಾರಣೆ ಬೇಕು ಅನ್ನೋ ತತ್ವ ಕಾನೂನಿಗೆ ಬಂತು. 736 ಜನರ ಸಭೆಯಲ್ಲಿ ಅವರದ್ದು ಒಂದೇ ವೋಟು. ಆದರೆ ಒಂದು ಷರತ್ತನ್ನ ಓದಿದ ತಕ್ಷಣ ಅದು ನಾಳೆ ಸರ್ವರ್ ಮೇಲೆ ಹೇಗೆ ಓಡುತ್ತೆ ಅಂತ ಕಾಣಬಲ್ಲವರು ಆ ಕೋಣೆಯಲ್ಲಿ ಇರಬೇಕು. ನನ್ನ ವಾದ ಇಷ್ಟೇ.

ಗಾಂಧಿನಗರದ_ಹುಡುಗ

ಅಣ್ಣಾ, ಬೇಜಾರಾಗಬೇಡಿ. ಪೈರೇಟ್ ಪಕ್ಷ ಅಂದರೆ ಸಿನಿಮಾ ಕದ್ದು ನೋಡೋರ ಪಕ್ಷ ಅಲ್ವಾ? ನಾನು ಪೋಸ್ಟ್ ಪ್ರೊಡಕ್ಷನ್‌ನಲ್ಲಿ ಕೆಲಸ ಮಾಡೋನು. ಸಣ್ಣ ಬಜೆಟ್ಟಿನ ಕನ್ನಡ ಸಿನಿಮಾ ಶುಕ್ರವಾರ ಬಿಡುಗಡೆಯಾಗಿ ಶನಿವಾರ ಟೆಲಿಗ್ರಾಮ್‌ನಲ್ಲಿ ಸಿಕ್ಕರೆ ನಿರ್ಮಾಪಕ ಮನೆ ಅಡ ಇಡಬೇಕು. ಅವರನ್ನ ಖಾಸಗಿತನದ ಹೀರೋ ಮಾಡೋದು ನನಗೆ ಕಷ್ಟ.

ಉಪ್ಸಲಾದ_ಅಕ್ಕ

ಗಾಂಧಿನಗರದ ತಮ್ಮಾ, ನಿನ್ನ ಸಿಟ್ಟು ಸರಿಯಾಗಿಯೇ ಇದೆ. ಕೃತಿಸ್ವಾಮ್ಯದ ಬಗ್ಗೆ ಅವರ ನಿಲುವು ನನಗೂ ಪೂರ್ತಿ ಒಪ್ಪಿಗೆ ಇಲ್ಲ. ಖಾಸಗಿ ಬಳಕೆಗೆ ಹಂಚಿಕೊಳ್ಳೋದೆಲ್ಲ ಮುಕ್ತ ಆಗಬೇಕು ಅನ್ನೋದು ಅವರ ಪಕ್ಷದ ಮಾತು. ಕಲಾವಿದರ ಹೊಟ್ಟೆಪಾಡಿಗೆ ಅವರು ಕೊಟ್ಟ ಉತ್ತರ ಸಾಲದು. ಆದರೆ ಜನ ಅವರಿಗೆ ವೋಟು ಹಾಕಿದ್ದು ಸಿನಿಮಾಕ್ಕಾಗಿ ಮಾತ್ರ ಅಂದರೆ ಅರ್ಧ ಕಥೆ ಆಗುತ್ತೆ.

2008ರ ಜೂನ್ 18ರಂದು ಇಲ್ಲಿ ಸ್ವೀಡನ್ನಿನ ಸಂಸತ್ತು ಎಫ್‌ಆರ್‌ಎ ಕಾನೂನು ಪಾಸು ಮಾಡಿತು. ಎಫ್‌ಆರ್‌ಎ ಅಂದರೆ ರಕ್ಷಣಾ ಇಲಾಖೆಯ ಕದ್ದಾಲಿಕೆ ಸಂಸ್ಥೆ. ಅಲ್ಲಿವರೆಗೆ ಗಾಳಿಯಲ್ಲಿ ಹೋಗೋ ರೇಡಿಯೋ ಸಂಕೇತ ಕೇಳ್ತಿದ್ದವರಿಗೆ, ಗಡಿ ದಾಟೋ ಕೇಬಲ್‌ಗಳನ್ನೂ ಕೇಳೋ ಅಧಿಕಾರ ಸಿಕ್ಕಿತು. ಸ್ವೀಡನ್ನಿನಿಂದ ಸ್ವೀಡನ್ನಿಗೆ ಕಳಿಸಿದ ಮೇಲ್ ಕೂಡ ಹೊರದೇಶದ ಸರ್ವರ್ ಸುತ್ತಿ ಬರುತ್ತಲ್ಲ, ಹಾಗಾಗಿ ಗಡಿ ಅನ್ನೋ ಮಾತಿಗೆ ಅರ್ಥವೇ ಇರಲಿಲ್ಲ. 143–138, ಅಷ್ಟು ಕಡಿಮೆ ಅಂತರದಲ್ಲಿ ಪಾಸಾಯಿತು. 2009ರ ಏಪ್ರಿಲ್ 1ಕ್ಕೆ ಇನ್ನೊಂದು ಕಾನೂನು: ಕೃತಿಸ್ವಾಮ್ಯ ಇರೋ ಕಂಪನಿ ಕೋರ್ಟಿಗೆ ಹೋಗಿ ಒಂದು ಐಪಿ ವಿಳಾಸದ (ಇಂಟರ್ನೆಟ್ ಸಂಪರ್ಕದ ಗುರುತು ಸಂಖ್ಯೆ) ಹಿಂದೆ ಯಾರಿದ್ದಾರೆ ಅಂತ ಹೆಸರು ಪಡೀಬಹುದು. ಅದು ಜಾರಿಯಾದ ದಿನವೇ ದೇಶದ ಇಂಟರ್ನೆಟ್ ದಟ್ಟಣೆ ಮೂರನೇ ಒಂದರಷ್ಟು ಕುಸಿಯಿತು. ಏಪ್ರಿಲ್ 17ಕ್ಕೆ ಕಡತ ಹಂಚಿಕೊಳ್ಳೋ ಜಾಲತಾಣ ಪೈರೇಟ್ ಬೇ ವಿರುದ್ಧ ತೀರ್ಪು, ನಾಲ್ವರಿಗೆ ತಲಾ ಒಂದು ವರ್ಷ ಜೈಲು. ಕೆಲವೇ ದಿನಗಳಲ್ಲಿ ಪಕ್ಷದ ಸದಸ್ಯರ ಸಂಖ್ಯೆ ದುಪ್ಪಟ್ಟಿಗೂ ಮೀರಿ ಬೆಳೆಯಿತು. ಜೂನ್‌ನಲ್ಲಿ ಚುನಾವಣೆ.

ಇಲ್ಲಿಗೆ ಹೊಸದಾಗಿ ಬಂದವರಿಗೆ ಆಶ್ಚರ್ಯ ಆಗೋ ವಿಷಯ ಒಂದಿದೆ. ಸ್ವೀಡನ್ನಿನಲ್ಲಿ ನಿಮ್ಮ ವಿಳಾಸ, ಹುಟ್ಟಿದ ದಿನ, ವರ್ಷದ ತೆರಿಗೆ ಆದಾಯ ಎಲ್ಲವೂ ಯಾರು ಕೇಳಿದರೂ ಸಿಗುತ್ತೆ. 1766ರಿಂದ ಸರ್ಕಾರಿ ಕಡತ ಸಾರ್ವಜನಿಕ ಸ್ವತ್ತು. ನಾನು ಮನೆ ಬದಲಾಯಿಸಿದ ಕೂಡಲೇ ವಿಳಾಸ ಹುಡುಕೋ ಜಾಲತಾಣಗಳಲ್ಲಿ ನನ್ನ ಹೆಸರು, ವಯಸ್ಸು, ಮಹಡಿ ಸಮೇತ ಬಂತು. ಊರಿಂದ ಫೋನ್ ಮಾಡಿದ ಅಮ್ಮನಿಗೆ ಇದನ್ನ ಹೇಳಿ ನಂಬಿಸೋದೇ ಕಷ್ಟವಾಯಿತು. ಇಷ್ಟೆಲ್ಲ ತೆರೆದಿಟ್ಟ ಜನವೇ ಕೇಬಲ್ ಕದ್ದಾಲಿಕೆಗೆ ಬೀದಿಗಿಳಿದರು. ಯಾಕೆ? ತೆರೆದ ಕಡತದಿಂದ ಪ್ರಜೆ ಸರ್ಕಾರವನ್ನ ನೋಡ್ತಾನೆ. ಕೇಬಲ್‌ನಿಂದ ಸರ್ಕಾರ ಪ್ರಜೆಯನ್ನ ನೋಡುತ್ತೆ, ಅದೂ ಅವನಿಗೆ ಗೊತ್ತಾಗದ ಹಾಗೆ. ಖಾಸಗಿತನ ಅಂದರೆ ಎಲ್ಲವನ್ನೂ ಬಚ್ಚಿಡೋದು ಅಂತ ನಾವು ತಿಳಿದಿರೋದು ಸಾಲದು, ಯಾರು ಯಾರನ್ನ ನೋಡ್ತಿದ್ದಾರೆ ಅನ್ನೋದೇ ಇಲ್ಲಿನ ಪ್ರಶ್ನೆ.

ಅಂದಹಾಗೆ, ಅದೇ ಎಫ್‌ಆರ್‌ಎ ವ್ಯವಸ್ಥೆಯಲ್ಲಿ ಸಾಕಷ್ಟು ರಕ್ಷಣೆಗಳಿಲ್ಲ ಅಂತ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮಹಾಪೀಠ 2021ರ ಮೇ 25ರಂದು ತೀರ್ಪು ಕೊಟ್ಟಿತು. ಹದಿಮೂರು ವರ್ಷ ಹಿಡಿಯಿತು.

ಕಡಲತಡಿ_ವಕೀಲೆ

ಅಕ್ಕಾ, ಯಾರು ಯಾರನ್ನ ನೋಡ್ತಿದ್ದಾರೆ ಅನ್ನೋ ನಿಮ್ಮ ಪ್ರಶ್ನೆಯನ್ನ ನಮ್ಮ ಕಡೆಗೆ ತಿರುಗಿಸಿ ನೋಡಿ, ಹೊಟ್ಟೆ ಉರಿಯುತ್ತೆ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಪ್ರಕರಣದ ಅರ್ಜಿದಾರರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ನಮ್ಮ ಶಾಲೆಗಳಲ್ಲಿ ಅವರ ಹೆಸರು ಹೇಳಿಕೊಡಬೇಕು ಅಂತ ನನ್ನ ಆಸೆ.

ಆ ತೀರ್ಪಿನ ಮೇಲೆ ನಿಂತು ಬರಬೇಕಿದ್ದ ಕಾನೂನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಲೋಕಸಭೆಯಲ್ಲಿ ಧ್ವನಿಮತದಿಂದ ಪಾಸಾಯಿತು. ಕಂಪನಿಗಳಿಗೆ 250 ಕೋಟಿ ರೂಪಾಯಿವರೆಗೆ ದಂಡ ಇದೆ, ಒಳ್ಳೇದು. ಆದರೆ 17ನೇ ಕಲಂ ಓದಿ: ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಇಂಥ ಕಾರಣ ಕೊಟ್ಟು ಕೇಂದ್ರ ತನ್ನ ಯಾವ ಸಂಸ್ಥೆಯನ್ನ ಬೇಕಾದರೂ ಕಾಯ್ದೆಯಿಂದಲೇ ಹೊರಗಿಡಬಹುದು. ಇನ್ನು 44ನೇ ಕಲಂ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಯನ್ನೇ ತಿದ್ದಿದೆ. ಮೊದಲು ಸಾರ್ವಜನಿಕ ಹಿತ ದೊಡ್ಡದಿದ್ದರೆ ಅಧಿಕಾರಿಯ ವೈಯಕ್ತಿಕ ಮಾಹಿತಿಯನ್ನೂ ಕೊಡಬೇಕು ಅಂತ ಆ ಕಲಮಿನೊಳಗೇ ಇತ್ತು, ಈಗ ವೈಯಕ್ತಿಕ ಅಂದರೆ ಕೊಡಬೇಕಿಲ್ಲ ಅಂತ ಚಿಕ್ಕದಾಗಿ ಮುಗಿಸಿದ್ದಾರೆ. ಸಾರ್ವಜನಿಕ ಹಿತ ದೊಡ್ಡದಿದ್ದರೆ ಮಾಹಿತಿ ಕೊಡಬಹುದು ಅನ್ನೋ 8(2) ಉಳಿದಿದೆ, ಅದನ್ನ ಹಿಡಿದು ವಾದ ಮಾಡಬಹುದು. ಆದರೆ ಮೊದಲ ಹಂತದಲ್ಲೇ ಇಲ್ಲ ಅನ್ನೋ ಅಧಿಕಾರಿಗೆ ಈಗ ದಾರಿ ಸುಲಭ. ಪ್ರಜೆ ಸರ್ಕಾರವನ್ನ ನೋಡೋ ಕಿಟಕಿ ಸಣ್ಣದಾಯಿತು, ಸರ್ಕಾರ ಪ್ರಜೆಯನ್ನ ನೋಡೋ ಬಾಗಿಲು ಹಾಗೇ ಇದೆ. ಎರಡೂ ಆದದ್ದು ಖಾಸಗಿತನದ ಹೆಸರಿನಲ್ಲಿ!

ಧಾರವಾಡ_ಮಾಸ್ತರ

ಎಲ್ಲಾರೂ ಭಾಳ ಚಲೋ ಬರದೀರಿ. ನಾ ಒಂದ ಮಾತ ಕೇಳ್ತೀನ್ರಿ. ಈ ವಿಷಯದ ಮ್ಯಾಲೆ ನಮ್ಮ ಕಡೆ ಒಂದರ ವೋಟ ಬೀಳತದೇನು?

ನಮ್ಮೂರ ನ್ಯಾಯಬೆಲೆ ಅಂಗಡ್ಯಾಗ ಹೆಬ್ಬಟ್ಟ ಒತ್ತಿದ ಮ್ಯಾಲೆನ ಅಕ್ಕಿ. ಮುದುಕ್ಯಾರ ಕೈ ಸವದಿರತಾವು, ಕಳೆ ಕಿತ್ತ ಕಿತ್ತ ಗೆರಿನ ಇರೂದಿಲ್ಲ. ಮಷೀನ ಕೆಂಪ ದೀಪ ತೋರಸ್ತದ. ಮತ್ತ ಒತ್ತ, ಮತ್ತ ಒತ್ತ. ಸೀರಿ ಸೆರಗಿಗೆ ಬೆರಳ ತಿಕ್ಕಿ ತಿಕ್ಕಿ ಒತ್ತತಾರ. ಕಡೀಕ ಸರ್ವರ್ ಇಲ್ಲ, ನಾಳೆ ಬಾ ಅಂತಾರ. ಆಕಿಗೆ ಹೋಗಿ ನಾ ಏನ ಹೇಳ್ಲಿ, ನಿನ್ನ ದತ್ತಾಂಶಕ್ಕ ಅಪಾಯ ಐತಿ ಅಂತನೋ? ಆಕಿ ಚಿಂತಿ ಅಕ್ಕೀದು.

ಸ್ವೀಡನ್ ಮಂದಿಗೆ ಹೊಟ್ಟಿ ತುಂಬಿತ್ತು, ಕೇಬಲ್ ಬಗ್ಗೆ ವಿಚಾರ ಮಾಡಿದ್ರು. ತಪ್ಪಂತ ಹೇಳಾಕತ್ತಿಲ್ಲ. ಆದ್ರ ನಮ್ಮಲ್ಲಿ ಇದನ್ನ ಚುನಾವಣಾ ಮಾತ ಮಾಡಬೇಕಾದ್ರ ಆ ಮುದುಕಿಯಿಂದ ಚಾಲೂ ಮಾಡಬೇಕ್ರಿ.

ಬ್ಯಾಕೆಂಡ್_ಬಾಣಂತಿ

ಮಾಸ್ತರೇ ನಮಸ್ಕಾರ. ನೀವು ಹೇಳಿದ್ದೇ ಖಾಸಗಿತನದ ಪ್ರಶ್ನೆ ಅಂತ ನಾನಂತೀನಿ. ಮಷೀನು ಆ ಅಜ್ಜಿಯ ಬಗ್ಗೆ ಬರೆದುಕೊಂಡಿದ್ದನ್ನ ಅಜ್ಜಿ ನೋಡೋಕಾಗಲ್ಲ, ಪ್ರಶ್ನೆ ಮಾಡೋಕಾಗಲ್ಲ. ಬೆರಳು ಹೊಂದಲಿಲ್ಲ ಅನ್ನೋ ದಾಖಲೆ ಎಲ್ಲೋ ಒಂದು ಟೇಬಲ್‌ನಲ್ಲಿ ಕೂತಿರುತ್ತೆ, ನಾಳೆ ಅದನ್ನೇ ನೋಡಿ ಈ ಕಾರ್ಡು ಬೋಗಸ್ ಅಂತ ಯಾರೋ ತೀರ್ಮಾನ ಮಾಡಬಹುದು.

ನಾನು ಸರ್ವರ್ ಕಡೆ ಕೆಲಸ ಮಾಡೋಳು, ಈಗ ಮಗು ಅಂತ ರಜೆಯಲ್ಲಿದ್ದೀನಿ. ಹೊರಗಿನವರಿಗೆ ಕಾಣದ ಒಂದು ವಿಷಯ ಹೇಳ್ತೀನಿ. ಆ್ಯಪ್ ಮಾಡೋರು ಕೆಟ್ಟವರಾಗಿರಬೇಕಿಲ್ಲ. ಏನಾದರೂ ಕೆಟ್ಟರೆ ಹುಡುಕೋಕೆ ಅನುಕೂಲ ಆಗಲಿ ಅಂತ ಸರ್ವರ್‌ಗೆ ಬರೋ ಪ್ರತಿ ಕೋರಿಕೆಯನ್ನೂ ಲಾಗ್ ಅನ್ನೋ ದಿನಚರಿ ಕಡತದಲ್ಲಿ ಬರೆಸ್ತೀವಿ. ಅದರಲ್ಲಿ ಫೋನ್ ನಂಬರ್, ಜಾಗದ ಅಕ್ಷಾಂಶ ರೇಖಾಂಶ, ಸಮಯ, ಮೊಬೈಲ್ ಮಾಡೆಲ್ ಹಾಗೇ ಬಿದ್ದಿರುತ್ತೆ. ಮುಖ್ಯ ಡೇಟಾಬೇಸ್‌ಗೆ ಬೀಗ ಇರುತ್ತೆ, ಲಾಗ್‌ಗೆ ತಂಡದಲ್ಲಿ ಹತ್ತಾರು ಜನಕ್ಕೆ ಕೈ ಎಟಕುತ್ತೆ. ಎಷ್ಟು ದಿನ ಇಟ್ಟು ಅಳಿಸಬೇಕು ಅಂತ ಯಾರೂ ಹೇಳಿರಲ್ಲ, ಹಾಗಾಗಿ ಯಾರೂ ಅಳಿಸಲ್ಲ. ನಾನಿರೋ ಅಪಾರ್ಟ್‌ಮೆಂಟಿನ ಗೇಟ್ ಆ್ಯಪನ್ನೇ ನೋಡಿ: ಮನೆಕೆಲಸಕ್ಕೆ ಬರೋ ಅಕ್ಕನ ಫೋಟೊ, ಒಳಗೆ ಬಂದ ಸಮಯ, ಹೊರಗೆ ಹೋದ ಸಮಯ, ಯಾವ್ಯಾವ ಮನೆಯಲ್ಲಿ ಕೆಲಸ, ಎಲ್ಲ ಇದೆ. ಅವರನ್ನ ಒಪ್ಪಿಗೆ ಕೇಳಿದವರು ಯಾರೂ ಇಲ್ಲ. ಸಂಘದ ಸಭೆಯಲ್ಲಿ ಎತ್ತಿದೆ, ಸುರಕ್ಷತೆ ಅಂದರು, ಮುಂದಿನ ವಿಷಯಕ್ಕೆ ಹೋದರು.

‘ಬರೀ ಕರೆ ಮಾಡಿದ ವಿವರ ಇಟ್ಕೊಳ್ತೀವಿ, ಮಾತು ಕೇಳಲ್ಲ’ ಅಂತ ಹೇಳೋದೂ ಇದೇ ಬಗೆಯದ್ದು. ಯುರೋಪಿನ 2006ರ ನಿರ್ದೇಶನ ದೂರಸಂಪರ್ಕ ಕಂಪನಿಗಳಿಗೆ ಎಲ್ಲರ ಕರೆ ವಿವರವನ್ನೂ ಆರು ತಿಂಗಳಿಂದ ಎರಡು ವರ್ಷ ಇಟ್ಟುಕೊಳ್ಳಿ ಅಂದಿತ್ತು. ಜರ್ಮನಿಯ ಹಸಿರು ಪಕ್ಷದ ಮಾಲ್ಟೆ ಸ್ಪಿಟ್ಸ್ ತನ್ನ ಕಂಪನಿ ಮೇಲೆ ಕೇಸು ಹಾಕಿ ತನ್ನದೇ ಆರು ತಿಂಗಳ ದಾಖಲೆ ಪಡೆದರು. 35 ಸಾವಿರಕ್ಕೂ ಹೆಚ್ಚು ನಮೂದುಗಳು. 2011ರಲ್ಲಿ ಒಂದು ಪತ್ರಿಕೆ ಅದನ್ನ ನಕಾಶೆ ಮೇಲೆ ಹಾಕಿತು. ಯಾವ ರೈಲು ಹತ್ತಿದರು, ಎಷ್ಟು ಹೊತ್ತಿಗೆ ಮಲಗಿದರು, ಯಾವ ಊರಲ್ಲಿ ರಾತ್ರಿ ಕಳೆದರು, ಎಲ್ಲ ಬಂತು. ಒಂದು ಮಾತನ್ನೂ ಯಾರೂ ಕೇಳಿರಲಿಲ್ಲ.

ಎರಡುಮಕ್ಕಳತಾಯಿ

ನಾನು ಬೇರೆ ಮಾತು ಹೇಳ್ತೀನಿ, ದಯವಿಟ್ಟು ಮುಗಿಬೀಳಬೇಡಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೋ ಹಂಚೋರು ಇದೇ ಗುಪ್ತ ಸಂದೇಶಗಳಲ್ಲಿ ಹಂಚ್ತಾರೆ. ಅವರನ್ನ ಹಿಡಿಯೋಕೆ ನನ್ನ ಮೆಸೇಜನ್ನ ಒಂದು ಯಂತ್ರ ನೋಡಿದರೆ ನೋಡಲಿ. ಈ ಎಂಗ್‌ಸ್ಟ್ರೋಮ್ ಥರದವರು ಆ ಮಕ್ಕಳ ಪರ ಏನು ಮಾಡಿದರು?

ಕಡತಪ್ರೇಮಿ

ಮೇಡಂ, ಈ ಪ್ರಶ್ನೆಯನ್ನ ಅವರೇ ನೇರವಾಗಿ ಎದುರಿಸಬೇಕಾಯಿತು. 2010ರಲ್ಲಿ 29ನೇ ಲಿಖಿತ ಘೋಷಣೆ ಅಂತ ಒಂದು ಪತ್ರ ಸಂಸದರ ನಡುವೆ ಸಹಿಗೆ ಓಡಾಡ್ತಿತ್ತು. ಮೇಲ್ನೋಟಕ್ಕೆ ಮಕ್ಕಳ ಪೀಡಕರನ್ನ ಬೇಗ ಪತ್ತೆಹಚ್ಚೋ ವ್ಯವಸ್ಥೆಗೆ ಬೆಂಬಲ. ಅಂಥದ್ದಕ್ಕೆ ಯಾರು ಸಹಿ ಹಾಕಲ್ಲ ಅಂತಾರೆ? ಒಳಗೆ ನಿರ್ದೇಶನ 2006/24ನ್ನ ಸರ್ಚ್ ಎಂಜಿನ್‌ಗಳಿಗೂ ವಿಸ್ತರಿಸಬೇಕು ಅಂತ ಒಂದು ಸಾಲು. ಬರೀ ಒಂದು ಸಂಖ್ಯೆ. ಆ ಸಂಖ್ಯೆ ಅಂದರೆ ಬ್ಯಾಕೆಂಡ್ ಮೇಡಂ ಈಗ ಹೇಳಿದ ದತ್ತಾಂಶ ಸಂಗ್ರಹದ ಕಾನೂನು ಅಂತ ಗೊತ್ತಿಲ್ಲದೆ ಎಷ್ಟೋ ಜನ ಸಹಿ ಹಾಕಿದ್ದರು. ಯುರೋಪಿನ ಪ್ರತಿಯೊಬ್ಬರೂ ಏನು ಹುಡುಕಿದರು ಅನ್ನೋದನ್ನ ಕೂಡಿಡೋ ಪ್ರಸ್ತಾಪ ಅದು. ಎಂಗ್‌ಸ್ಟ್ರೋಮ್ ಅದನ್ನ ಬಿಡಿಸಿ ಬರೆದು, ಸಹಿ ವಾಪಸ್ ತಗೊಳ್ಳಿ ಅಂತ ಕೇಳಿದರು. ಕೆಲವರು ತಗೊಂಡರು. ಘೋಷಣೆಗೆ ಬೇಕಾದಷ್ಟು ಸಹಿ ಸಿಕ್ಕೇಬಿಟ್ಟಿತು, ಆ ಮಾತು ಬೇರೆ. ಮಕ್ಕಳ ಹೆಸರಿನ ಪತ್ರವನ್ನ ವಿರೋಧಿಸೋ ರಾಜಕಾರಣಿಗೆ ಯಾವ ಬೈಗುಳ ಬರುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಆದರೂ ನಿಂತರು.

ಬ್ಯಾಕೆಂಡ್_ಬಾಣಂತಿ

ನಾನೂ ತಾಯಿ, ನಿಮ್ಮ ಭಯ ನನಗೂ ಇದೆ. ಆದರೆ ಯಂತ್ರ ನೋಡಲಿ ಅನ್ನೋದು ಕೆಲಸ ಮಾಡೋ ಬಗೆ ಹೀಗೆ: ಸಂದೇಶ ಗೂಢಲಿಪಿ ಆಗೋಕೆ ಮುಂಚೆ ನಮ್ಮ ಫೋನ್ ಒಳಗೇ ಒಂದು ಪ್ರೋಗ್ರಾಂ ಪ್ರತಿ ಚಿತ್ರವನ್ನ ನೋಡಿ ತೀರ್ಮಾನ ಮಾಡುತ್ತೆ. ಮೊದಲೇ ಗೊತ್ತಿರೋ ಚಿತ್ರದ ಪಟ್ಟಿ ಜೊತೆ ಹೋಲಿಸೋದು ಒಂದು, ಗೊತ್ತಿಲ್ಲದ ಹೊಸ ಚಿತ್ರವನ್ನ ಊಹಿಸೋದು ಇನ್ನೊಂದು. ಎರಡನೆಯದು ತಪ್ಪುತ್ತೆ. ಸ್ನಾನ ಮಾಡಿಸಿದ ಮಗುವಿನ ಫೋಟೊ ಅಜ್ಜಿಗೆ ಕಳಿಸೋ ತಾಯಿಯೂ ಸಂಶಯದ ಪಟ್ಟಿಗೆ ಬರಬಹುದು. ಕೋಟಿಗಟ್ಟಲೆ ಸಂದೇಶ ಓಡಾಡೋ ಕಡೆ ತಪ್ಪಿನ ಪ್ರಮಾಣ ಎಷ್ಟೇ ಸಣ್ಣದಿರಲಿ, ರಾಶಿ ಬೀಳುತ್ತೆ. ಆ ರಾಶಿಯೊಳಗೆ ನಿಜವಾದ ಪ್ರಕರಣ ಹುಡುಕೋ ಪೊಲೀಸರು ಅಷ್ಟೇ ಜನ. ಮತ್ತೆ ಆ ಪಟ್ಟಿ ಯಾರ ಕೈಯಲ್ಲಿದೆಯೋ ಅವರು ನಾಳೆ ಅದಕ್ಕೆ ಒಂದು ಪ್ರತಿಭಟನೆಯ ಪೋಸ್ಟರ್ ಸೇರಿಸಿದರೂ ನಮ್ಮ ಫೋನಿಗೆ ವ್ಯತ್ಯಾಸ ಗೊತ್ತಾಗಲ್ಲ.

ಉಪ್ಸಲಾದ_ಅಕ್ಕ

ಇದೇ ವಾದ 2022ರ ಮೇನಲ್ಲಿ ಯುರೋಪಿಯನ್ ಆಯೋಗದ ಕಾನೂನಿನ ಕರಡಾಗಿ ಮತ್ತೆ ಬಂತು, ಜನ ಇದನ್ನ ‘ಚಾಟ್ ಕಂಟ್ರೋಲ್’ ಅಂತ ಕರೀತಾರೆ. ಮಂಡಿಸಿದ ಆಯುಕ್ತೆ ಯಿಲ್ವಾ ಯೊಹಾನ್ಸನ್ ಸ್ವೀಡನ್ನಿನವರೇ. ಎದುರು ನಿಂತವರಲ್ಲಿ ಮುಂದಿದ್ದದ್ದು ಜರ್ಮನಿಯ ಪೈರೇಟ್ ಸಂಸದ ಪ್ಯಾಟ್ರಿಕ್ ಬ್ರೇಯರ್. 2023ರ ನವೆಂಬರ್‌ನಲ್ಲಿ ಯುರೋಪಿಯನ್ ಸಂಸತ್ತು ಗೂಢಲಿಪಿಯ ಸಂದೇಶಗಳನ್ನ ಹೊರಗಿಡಬೇಕು ಅಂತ ತನ್ನ ನಿಲುವು ತಗೊಂಡಿತು. ಹಿಂದೆ ಒಬ್ಬರೇ ಕೂತು ವಿವರಿಸಿದ್ದನ್ನ ಈಗ ಎಲ್ಲ ಪಕ್ಷದವರೂ ವಿವರಿಸಬಲ್ಲರು. ಇದನ್ನ ನಾನು ಗೆಲುವು ಅಂತ ಎಣಿಸ್ತೀನಿ.

ಗಾಂಧಿನಗರದ_ಹುಡುಗ

ಸರಿ, ಖಾಸಗಿತನದ ಭಾಗ ಒಪ್ಪಿದೆ. ಆದರೆ ಇಷ್ಟು ಒಳ್ಳೆ ಕೆಲಸ ಮಾಡಿದವರು ಮತ್ತೆ ಗೆದ್ದರಾ?

ಕಡತಪ್ರೇಮಿ

ಇಲ್ಲ. 2010ರ ರಾಷ್ಟ್ರೀಯ ಚುನಾವಣೆಯಲ್ಲೇ ಪಕ್ಷ ಶೇ. 0.65ಕ್ಕೆ ಇಳಿದಿತ್ತು. 2014ರ ಮೇ 25ರ ಯುರೋಪಿಯನ್ ಚುನಾವಣೆಯಲ್ಲಿ ಸುಮಾರು ಶೇ. 2.2, ಸೀಟು ಹೋಯಿತು. ಹಿಂದಿನ ವರ್ಷವಷ್ಟೇ ಅಮೆರಿಕದ ಕದ್ದಾಲಿಕೆ ಬಗ್ಗೆ ಸ್ನೋಡೆನ್ ಬಯಲು ಮಾಡಿದ ದಾಖಲೆಗಳು ಜಗತ್ತನ್ನೇ ಅಲ್ಲಾಡಿಸಿದ್ದವು. 2014ರ ಏಪ್ರಿಲ್ 8ಕ್ಕೆ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2006ರ ದತ್ತಾಂಶ ಸಂಗ್ರಹ ನಿರ್ದೇಶನವನ್ನ ಪೂರ್ತಿ ರದ್ದು ಮಾಡಿತ್ತು. ಆ ನಿರ್ದೇಶನ ತಡವಾಗಿ ಜಾರಿ ಮಾಡಿದ್ದಕ್ಕೆ ಸ್ವೀಡನ್ 2013ರಲ್ಲಿ 30 ಲಕ್ಷ ಯೂರೋ ದಂಡ ಬೇರೆ ಕಟ್ಟಿತ್ತು! ಅವರು ಹೇಳ್ತಾ ಬಂದದ್ದೆಲ್ಲ ಸರಿ ಅಂತ ಕೋರ್ಟೇ ಹೇಳಿದ ಏಳನೇ ವಾರಕ್ಕೆ ಮತದಾರ ಮನೆಗೆ ಕಳಿಸಿದ.

ಅದೇ ತಿಂಗಳು ಬೆಂಗಳೂರು ದಕ್ಷಿಣದಲ್ಲಿ ನಂದನ್ ನಿಲೇಕಣಿ ಸೋತರು. ಆಧಾರ್ ಕಟ್ಟಿದವರು ನಮ್ಮಲ್ಲಿ ಸೋತರು, ಅಂಥದ್ದನ್ನ ಪ್ರಶ್ನಿಸುತ್ತಿದ್ದವರು ಅಲ್ಲಿ ಸೋತರು. ಎರಡು ಕಡೆಯೂ ಮತದಾರ ಈ ವಿಷಯಕ್ಕೆ ವೋಟು ಹಾಕಲಿಲ್ಲ. ಮಾಸ್ತರ ಮಾತಿಗೆ ಬಲ ಇರೋದು ಇಲ್ಲೇ. ಒಂದೇ ವಿಷಯದ ಪಕ್ಷ ಉಳಿಯಲ್ಲ. ಸ್ವಂತ ಪಕ್ಷ ಕಟ್ಟೋದಕ್ಕಿಂತ ಇರೋ ಪಕ್ಷಗಳ ಒಳಗೆ, ಸ್ಥಾಯಿ ಸಮಿತಿಗಳಲ್ಲಿ, ಕರಡು ಬಂದ ದಿನವೇ ಓದಿ ಹೇಳೋರು ಬೇಕು.

ಒಂದು ಪ್ರಸಂಗ ಮಾತ್ರ ಸೇರಿಸ್ತೀನಿ. 2013ರ ಮಾರ್ಚ್‌ನಲ್ಲಿ ಒಂದು ವರದಿಯ ವಿರುದ್ಧ ಜನ ಸಂಸದರಿಗೆ ರಾಶಿ ರಾಶಿ ಇಮೇಲ್ ಕಳಿಸ್ತಿದ್ದರು. ಮಧ್ಯಾಹ್ನ ಆಗ್ತಿದ್ದ ಹಾಗೆ ಬರೋದು ಇದ್ದಕ್ಕಿದ್ದ ಹಾಗೆ ನಿಂತಿತು. ಬೇರೆಯವರಾಗಿದ್ದರೆ ಸದ್ಯ ತಲೆನೋವು ತಪ್ಪಿತು ಅಂದುಕೊಳ್ತಿದ್ದರು. ಎಂಗ್‌ಸ್ಟ್ರೋಮ್ ವಿಚಾರಿಸಿದರು. ಕೆಲವು ಸಂಸದರ ದೂರಿನ ಮೇಲೆ ಸಂಸತ್ತಿನ ಐಟಿ ವಿಭಾಗವೇ ಅವನ್ನ ಸ್ಪ್ಯಾಮ್ ಅಂತ ಸೋಸಿ ಹಾಕ್ತಿತ್ತು. ಪ್ರಜೆಗಳು ತಮ್ಮ ಪ್ರತಿನಿಧಿಗೆ ಬರೆದ ಪತ್ರ ತಡೆಯೋ ಅಧಿಕಾರ ನಿಮಗೆ ಯಾರು ಕೊಟ್ಟರು ಅಂತ ಬಹಿರಂಗವಾಗಿ ಕೇಳಿದರು. ಫಿಲ್ಟರ್ ಅಂದರೆ ಏನು ಅಂತ ಗೊತ್ತಿದ್ದವರಿಗೇ ಈ ಪ್ರಶ್ನೆ ಹೊಳೆಯೋದು.

ಕಡಲತಡಿ_ವಕೀಲೆ

ಸಂಸತ್ತಿಗೆ ಹೋಗದೆಯೂ ಪ್ರೋಗ್ರಾಮರ್‌ಗಳು ಕೆಲಸ ಮಾಡಿದ ಉದಾಹರಣೆ ನಮ್ಮ ಹೈಕೋರ್ಟಿನಲ್ಲೇ ಇದೆ. ಕೋವಿಡ್ ಕಾಲದಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಆರೋಗ್ಯಸೇತು ಆ್ಯಪ್ ಬಗ್ಗೆ ಅರ್ಜಿ ಹಾಕಿದರು. 2021ರ ಜನವರಿ 25ರಂದು ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ, ತಿಳಿಸಿ ಪಡೆದ ಒಪ್ಪಿಗೆ ಇಲ್ಲದೆ ಬಳಕೆದಾರರ ದತ್ತಾಂಶವನ್ನ ಬೇರೆ ಇಲಾಖೆಗಳ ಜೊತೆ ಹಂಚಬಾರದು ಅಂತ ಮಧ್ಯಂತರ ಆದೇಶ ಕೊಟ್ಟಿತು. ಆ್ಯಪ್‌ನ ನೀತಿಯಲ್ಲಿ ಒಂದು, ಸರ್ಕಾರದ ಹಂಚಿಕೆ ನಿಯಮಾವಳಿಯಲ್ಲಿ ಇನ್ನೊಂದು ಇದ್ದದ್ದು ಕಣ್ಣಿಗೆ ಬೀಳಬೇಕಾದರೆ ಎರಡನ್ನೂ ಎದುರುಬದುರು ಇಟ್ಟು ಓದಬೇಕು. ಆ ಓದು ನಿಮ್ಮಂಥವರಿಂದ ಬರಬೇಕು, ವಾದ ನಾವು ಮಾಡ್ತೀವಿ.

ಧಾರವಾಡ_ಮಾಸ್ತರ

ಹಂಗಾದ್ರ ಒಂದ ಕೆಲಸ ಮಾಡೂಣ್ರಿ. ಪಂಚಾಯ್ತಿ ಇರಲಿ, ಪಾಲಿಕಿ ಇರಲಿ, ವೋಟ ಕೇಳಾಕ ಬಂದವರಿಗೆ ಕೇಳೂ ಪ್ರಶ್ನಿ ಬರಕೊಡ್ರಿ. ನಮ್ಮ ಮಂದಿಗೆ ತಿಳಿಯೂ ಹಂಗ, ನಾಕೈದ ಸಾಕು.

ಬ್ಯಾಕೆಂಡ್_ಬಾಣಂತಿ

ನನ್ನ ಕಡೆಯಿಂದ: ಬೆರಳು ಹೊಂದದಿದ್ದರೆ ಅವತ್ತೇ ರೇಷನ್ ಕೊಡೋ ಬೇರೆ ದಾರಿ ಅಂಗಡಿಯ ಬಾಗಿಲಲ್ಲಿ ಬರೆದು ಹಾಕಿಸ್ತೀರಾ? ಊರಿನ ಸಿಸಿಟಿವಿ ದೃಶ್ಯ ಎಷ್ಟು ದಿನ ಇಡ್ತೀರಿ, ಯಾರು ನೋಡಬಹುದು, ನೋಡಿದವರ ಹೆಸರು ಎಲ್ಲಿ ದಾಖಲಾಗುತ್ತೆ? ಸಮೀಕ್ಷೆಗೆ ಮನೆಗೆ ಬಂದವರು ತಗೊಂಡ ಫೋನ್ ನಂಬರ್ ಪಕ್ಷದ ವಾಟ್ಸಾಪ್ ಗುಂಪಿಗೆ ಹೋಗಲ್ಲ ಅಂತ ಬರೆದುಕೊಡ್ತೀರಾ?

ಕಡಲತಡಿ_ವಕೀಲೆ

ಎರಡನೇದನ್ನ ಈಗಲೇ ಆರ್‌ಟಿಐ ಹಾಕಿ ಕೇಳಬಹುದು ಮಾಸ್ತರೇ. ಕ್ಯಾಮೆರಾ ಗುತ್ತಿಗೆಯ ಪ್ರತಿ, ದೃಶ್ಯ ಇಡೋ ಅವಧಿಯ ಆದೇಶದ ಪ್ರತಿ ಅಂತಷ್ಟೇ ಕೇಳಿ, ವೈಯಕ್ತಿಕ ಮಾಹಿತಿ ಅನ್ನೋಕೆ ಅವರಿಗೆ ದಾರಿ ಇರಲ್ಲ. ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ ಮೂವತ್ತು ದಿನ. ಕರಡು ಬರೆದು ನಾಳೆ ಇಲ್ಲೇ ಹಾಕ್ತೀನಿ, ಊರಿನ ಹೆಸರು ತುಂಬಿಕೊಂಡು ಯಾರು ಬೇಕಾದರೂ ಬಳಸಿ.